ಸೇಬಿನ ಶೆಡ್ಡಿನಲ್ಲಿ ಎರಡನೇ ಶನಿವಾರ

ಬೀಗದ ಕೈ ನನ್ನ ಬಳಿ. ಹಾಗಾಗಿ ಮೊದಲು ಬರುವವಳು ನಾನೇ.
ಹೀಟರು ಹಚ್ಚಿ, ಮಡಿಸುವ ಕುರ್ಚಿ ಇಪ್ಪತ್ತೆರಡು ಹರವಿ,
ನೀರಿನ ಹಂಡೆಯ ಸ್ವಿಚ್ಚೊತ್ತಿ ಕೂತರೆ
ಗೋಡೆಯ ಹಲಗೆಯಿಂದ ಇನ್ನೂ ಸೇಬಿನ ವಾಸನೆ.
ಇಲ್ಲಿ ಹಣ್ಣು ತುಂಬಿ ಹಡಗಿಗೆ ಕಳಿಸುವುದು ನಿಂತು ನಲವತ್ತು ವರ್ಷ.
ಈಗ ನಾವು ಸತ್ತವರನ್ನು
ಗಾತ್ರವಾರು ವಿಂಗಡಿಸುತ್ತೇವೆ.

ಜುಲೈ. ಟಾಸ್ಮೇನಿಯಾದ ಜುಲೈ ಎಂದರೆ
ಹತ್ತು ಗಂಟೆಯಾದರೂ ನದಿ ಬಿಟ್ಟೇಳದ ಮಂಜು.
ಋಷಿಮೂಲ ನದಿಮೂಲ ಕೇಳಬಾರದಂತೆ.
ನಮ್ಮಲ್ಲಿ ಋಷಿಗಳಿರಲಿಲ್ಲ.
ಹಾಗಾಗಿ ಕೇಳುತ್ತೇವೆ, ತಿಂಗಳಿಗೊಮ್ಮೆ,
ಸದಸ್ಯರಿಗೆ ಐದು ಡಾಲರು, ಅತಿಥಿಗೆ ಏಳು.

ನನ್ನಜ್ಜಿಯ ಕಾಲಕ್ಕೆ ಇದು ಬಾಯಿ ಬಿಡುವ ಮಾತಲ್ಲ.
ಬೈಬಲ್ಲಿನ ಮೊದಲ ಹಾಳೆ, ಹೆಸರು ಬರೆದದ್ದು,
ಕತ್ತರಿಯಿಂದ ನೀಟಾಗಿ ತೆಗೆದು ಒಲೆಗೆ ಹಾಕಿದ್ದಳು.
‘ನಾವು ಸುಮ್ಮನೆ ಬಂದವರು’ ಎನ್ನುತ್ತಿದ್ದಳು.
ನಾಲ್ಕು ತಿಂಗಳು, ಹಡಗಿನ ಹೊಟ್ಟೆಯಲ್ಲಿ, ಕಾಲಿಗೆ ಕಬ್ಬಿಣ ಹಾಕಿಕೊಂಡು,
ಸುಮ್ಮನೆ.

ಈಗ ನೋಡಿ. ಇವತ್ತು ‘ನಿಮ್ಮ ಕೈದಿಯನ್ನು ಕರೆತನ್ನಿ’ ಕಾರ್ಯಕ್ರಮ.
ಬ್ರೆಡ್ಡಂಗಡಿಯ ಗಾಜಿಗೂ ಚೀಟಿ ಅಂಟಿಸಿದ್ದೆವು.
ಬೆರಿಲ್ ಎದ್ದು ಓದಿದಳು: ರೇಷ್ಮೆ ಕರವಸ್ತ್ರ ಒಂದು, ಏಳು ವರ್ಷ. ಚಪ್ಪಾಳೆ.
ಇನ್ನೊಬ್ಬರದು ಕುರಿ. ಕುರಿಗೆ ಚಪ್ಪಾಳೆ ಜೋರು,
ಜೀವಾವಧಿಯಲ್ಲವೇ.
ಕ್ಲೈವ್ ಡಾಬ್ನಿ, ಎಂಬತ್ತೊಂದು, ಕಿವಿಯ ಯಂತ್ರ ಸಿಳ್ಳೆ ಹಾಕುತ್ತ,
ತನ್ನ ಐಸಾಕನ ದಾಖಲೆ ಹಿಡಿದು ನಿಂತ:
ಎತ್ತರ ಇಷ್ಟು, ಎಡಹುಬ್ಬಿನ ಮೇಲೆ ಕಲೆ, ಎದೆಯಲ್ಲಿ ಲಂಗರಿನ ಹಚ್ಚೆ.
(ಹೆತ್ತವಳಿಗಿಂತ ಚೆನ್ನಾಗಿ ಆ ಮೈಗಳನ್ನು ನೋಡಿದವರು
ಬಂದರಿನ ಗುಮಾಸ್ತರು.)
ಮೇಲ್ವಿಚಾರಕನಿಗೆ ಎದುರುತ್ತರ: ಐವತ್ತು ಏಟು.
‘ಐವತ್ತು’ ಎಂದ ಇನ್ನೊಮ್ಮೆ,
ತಾನೇ ತಿಂದವನಂತೆ ಬೆನ್ನು ನೆಟ್ಟಗೆ ಮಾಡಿ.

ಆಮೇಲೆ ಹಿಂದಿನ ಸಾಲಿನಿಂದ ಲೋರ್ನಾ. ಹೊಸಬಳು.
ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು, ಗ್ಲೌಸು ತೆಗೆದಿರಲಿಲ್ಲ.
‘ನನ್ನವನೂ ಕೈದಿಯೇ. ಹಂದಿ ಕದ್ದವನು.’
ನಾವು ನಗಲು ಬಾಯಿ ತೆರೆದಿದ್ದೆವು.
‘ಮೂರನೇ ವರ್ಷ ಅವನ ಕೈಗೆ ಚಾಟಿ ಕೊಟ್ಟರು.
ಹೊಡೆಯುವವನಿಗೆ ಮಾಂಸ ಒಂದು ಪಾಲು ಹೆಚ್ಚು.
ಹನ್ನೊಂದು ವರ್ಷ ಹೊಡೆದ.
ಪುಸ್ತಕದಲ್ಲಿ ಅವನ ಹೆಸರಿನೆದುರು ಬೆನ್ನುಗಳ ಹೆಸರು ಇವೆ.’
ಪುಟಸಂಖ್ಯೆಯನ್ನೂ ಹೇಳಿದಳು, ನಾವು ಕಲಿಸುವಂತೆಯೇ.

ಹೀಟರು ಟಿಕ್ಕೆಂದಿತು.
ನನ್ನ ತೊಡೆಯ ಮೇಲೆ ನನ್ನದೇ ಚಾರ್ಟು:
ಎಂಟು ಚೌಕ, ಹದಿನಾರು ಚೌಕ, ಮೂವತ್ತೆರಡು.
ಹಿಂದಕ್ಕೆ ಹೋದಷ್ಟೂ ಜನ ಹೆಚ್ಚುತ್ತಾರೆ.
ಅಷ್ಟೂ ಜನ ಏಟು ತಿಂದವರೇ? ಲೆಕ್ಕ ಕೂಡುವುದಿಲ್ಲ.
ಹೊಡೆದ ಕೈಯೂ ಸಂಜೆ ತೊಳೆದುಕೊಂಡು
ಯಾವುದೋ ಕೂಸಿಗೆ ಗಂಜಿ ಉಣಿಸಿರಬೇಕು.

ಕ್ಲೈವ್ ಎದ್ದು ಹೋಗಿ ಪಟ್ಟಿ ನೋಡಬಹುದೇ ಎಂದ.
ಕನ್ನಡಕ ತೆಗೆದ, ಹಾಕಿದ, ಬೆರಳಿಟ್ಟು ಇಳಿದ.
‘ಇವನೇ. ಏಪ್ರಿಲ್ ಒಂಬತ್ತು.’
ಒಂದೇ ಸಾಲಿನ ಮೇಲೆ ಇಬ್ಬರ ಬೆರಳು.
ಕಳೆದುಹೋದ ನೆಂಟರು ಸಿಕ್ಕಾಗಲೂ ನಮ್ಮಲ್ಲಿ ಹೀಗೇ ನಿಲ್ಲುತ್ತಾರೆ.
ಗಂಡಹೆಂಡಿರಿಗೆ ಜೋಡಿ ಗೆರೆ, ಮಕ್ಕಳಿಗೆ ಇಳಿಗೆರೆ;
ಬಾಸುಂಡೆಗೆ ಯಾವ ಗೆರೆ?

‘ಟೀ ಆಯಿತು’ ಎಂದು ನಾನು ಕೂಗಿಬಿಟ್ಟೆ.
ಆಗಿರಲಿಲ್ಲ.

ಆಗಸ್ಟಿನಲ್ಲಿ ಕ್ಲೈವ್ ಪಕ್ಕದ ಕುರ್ಚಿಗೆ ಕೋಟು ಹಾಕಿ
‘ಬರುವವರಿದ್ದಾರೆ’ ಎಂದ. ಬರಲಿಲ್ಲ.
ಸೆಪ್ಟೆಂಬರಿನಲ್ಲಿ ಬಂದಳು. ಅವನು ಕೋಟು ತೆಗೆದ.
ಅವತ್ತಿನ ವಿಷಯ, ಸಮಾಧಿಕಲ್ಲಿನ ಪಾಚಿ ತೆಗೆಯುವುದು:
ತಂತಿಯ ಬ್ರಷ್ಷು ಕೂಡದು, ಆಸಿಡ್ಡು ಕೂಡದು,
ಬರೀ ನೀರು, ಮೇಲಿನಿಂದ ಅಲ್ಲ, ಕೆಳಗಿನಿಂದ ಮೇಲಕ್ಕೆ.
ನಾನು ಬರೆದುಕೊಂಡೆ.